ಗಣಕಯಂತ್ರದ ದೋಷವೋ, ವಿದ್ಯುತ್ತಿನ ದೋಷವೋ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯ ರೂಪವನ್ನು ತಾಳಿದಾಗ, ಈ ಭಾಗದ ಗೃಹಸ್ಥರ ಮನೆಗಳಲ್ಲಿ ಗಣಕಯಂತ್ರವು ಅಪೂರ್ವ ವಸ್ತುವಾಗಿತ್ತು. ಇಂದು ಪರಿಸ್ಥಿತಿ ಹಾಗಿಲ್ಲ. ಒಕ್ಕಲುತನದ ಮನೆಗಳಲ್ಲಿಯೂ, ಶಿಕ್ಷಕರ ಹಾಗೂ ಅಂಗಡಿಕಾರರ ಮನೆಗಳಲ್ಲಿಯೂ ಅದು ಕಾಣಸಿಗುತ್ತದೆ. ಅವುಗಳಲ್ಲಿ ಅನೇಕವು ಹೊಸದಾಗಿ ಕೊಂಡವುಗಳಲ್ಲ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಉದ್ಯೋಗದಲ್ಲಿರುವ ಹಿರಿಯ ಮಗನು ತಾನು ಹೊಸದನ್ನು ತೆಗೆದುಕೊಂಡು, ಹಳೆಯದನ್ನು ತಮ್ಮನ ಓದಿಗೆಂದು ಬಸ್ಸಿನಲ್ಲಿ ಹಾಕಿ ಕಳಿಸಿದವುಗಳು. ಅಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಯಂತ್ರವು ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ವಿಚಿತ್ರವಾದ ವ್ಯಾಧಿಗೆ ಗುರಿಯಾಗುವುದುಂಟು. ಕೆಲಸ ನಡೆದಿರುವಾಗಲೇ ಪರದೆಯು ಕಪ್ಪಾಗಿ, ಯಾರೂ ಮುಟ್ಟದೆ, ಯಂತ್ರವು ಮೊದಲಿನಿಂದ ಪ್ರಾರಂಭವಾಗುತ್ತದೆ. ಗಂಟೆಗೊಮ್ಮೆ ಆದುದು ಕ್ರಮೇಣ ಹತ್ತು ನಿಮಿಷಕ್ಕೊಮ್ಮೆ ಆಗತೊಡಗುತ್ತದೆ.

ಇದನ್ನು ಸಣ್ಣ ಉಪದ್ರವವೆಂದು ತಳ್ಳಿಹಾಕುವಂತಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಸಿ.ಇ.ಟಿ. ಅರ್ಜಿ, ಕಾಲೇಜಿನ ಪ್ರವೇಶ, ಇವೆಲ್ಲವೂ ಇಂದು ಗಣಕಯಂತ್ರದ ಮೂಲಕವೇ ಆಗತಕ್ಕವು. ಕಡೆಯ ದಿನದ ಸಾಯಂಕಾಲ ಅರ್ಜಿಯ ಅರ್ಧವನ್ನು ತುಂಬಿದ ಮೇಲೆ ಯಂತ್ರವು ಎರಡು ಸಲ ಮರುಚಾಲನೆಗೊಂಡರೆ, ಹಳ್ಳಿಯ ಬಡ ವಿದ್ಯಾರ್ಥಿಯ ಒಂದು ವರ್ಷವೇ ಹಾಳಾದೀತು. ಶಿಕ್ಷಕರು ರಾತ್ರಿ ಕುಳಿತು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯೂ ಹೀಗೆಯೇ ಗಾಳಿಗೆ ಹೋಗುತ್ತದೆ.

ಆಗ ಸಾಮಾನ್ಯವಾಗಿ ನಡೆಯುವುದೇನು? ಯಂತ್ರವನ್ನು ಪೇಟೆಯ ದುರಸ್ತಿ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಕಾರಣವನ್ನು ವಿಚಾರಿಸುವ ಪದ್ಧತಿ ಕಡಿಮೆ. 'ಫಾರ್ಮ್ಯಾಟ್ ಮಾಡೋಣ' ಎಂಬ ಒಂದೇ ಔಷಧವು ಎಲ್ಲ ರೋಗಗಳಿಗೂ ಸಿದ್ಧವಾಗಿರುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿನ ಬರಹ, ಭಾವಚಿತ್ರ, ಲೆಕ್ಕಪತ್ರಗಳು ಅಳಿಸಿಹೋಗುತ್ತವೆ. ಹಣವೂ ಖರ್ಚಾಗುತ್ತದೆ. ಅಂಗಡಿಯಲ್ಲಿ ಯಂತ್ರವು ಇಡೀ ದಿನ ಸರಿಯಾಗಿ ನಡೆಯುತ್ತದೆ. ಮನೆಗೆ ತಂದ ಸಂಜೆಯೇ ಮತ್ತೆ ಹಳೆಯ ಆಟ. ಇದರಿಂದ ಬೇಸತ್ತ ಪಾಲಕರು 'ಹಳೆಯ ಸಾಮಾನು, ಇದರ ಆಯುಷ್ಯ ಮುಗಿಯಿತು' ಎಂದು ತೀರ್ಮಾನಿಸಿ ಅಟ್ಟಕ್ಕೆ ಏರಿಸುತ್ತಾರೆ, ಇಲ್ಲವೆ ಸಾಲ ಮಾಡಿ ಹೊಸದನ್ನು ತರುತ್ತಾರೆ. ಅಂಗಡಿಯಲ್ಲಿ ಸರಿಯಾಗಿ ನಡೆದದ್ದು ಮನೆಯಲ್ಲಿ ಏಕೆ ನಡೆಯದು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತಿತ್ತು. ದೋಷವು ಬಹಳಷ್ಟು ಸಲ ಯಂತ್ರದಲ್ಲಿರದೆ, ಯಂತ್ರವಿರುವ ಮನೆಯ ವಿದ್ಯುತ್ತಿನಲ್ಲಿ ಇರುತ್ತದೆ.

ಗಣಕಯಂತ್ರದ ಪೆಟ್ಟಿಗೆಯೊಳಗೆ ಎಸ್.ಎಂ.ಪಿ.ಎಸ್. ಎಂಬ ಭಾಗವುಂಟು. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಅದು 12, 5 ಹಾಗೂ 3.3 ವೋಲ್ಟುಗಳಿಗೆ ಇಳಿಸಿ ಒಳಗಿನ ಅಂಗಾಂಗಗಳಿಗೆ ಹಂಚುತ್ತದೆ. ಹೊರಗಿನ ವಿದ್ಯುತ್ತು ಕಡಿದುಹೋದರೆ, ತನ್ನೊಳಗಿನ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಒಳ್ಳೆಯ ಎಸ್.ಎಂ.ಪಿ.ಎಸ್. ಪೂರ್ಣಭಾರದಲ್ಲಿ ಸುಮಾರು 16 ಮಿಲಿಸೆಕೆಂಡುಗಳವರೆಗೆ ಯಂತ್ರವನ್ನು ಕಾಪಾಡಬಲ್ಲದು. ಈ ದೇಶದ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಬೇಕು. ಎಂದರೆ, ಕಣ್ಣಿಗೆ ಕಾಣದಷ್ಟು ಅಲ್ಪಕಾಲದ ಕಡಿತವೂ ಯಂತ್ರವನ್ನು ಬೀಳಿಸಲು ಸಾಕು. ಮನೆಯ ದೀಪವು ಒಮ್ಮೆ ಮಿಣುಕಿ ಸುಮ್ಮನಾಗುತ್ತದೆ, ಬೀಸಣಿಗೆಗೆ ಅದರ ಅರಿವೇ ಆಗುವುದಿಲ್ಲ, ಗಣಕಯಂತ್ರವು ಮಾತ್ರ ಮರುಚಾಲನೆಗೊಳ್ಳುತ್ತದೆ. ಎಸ್.ಎಂ.ಪಿ.ಎಸ್. ಅಗ್ಗದ್ದಾಗಿದ್ದರೆ ಅಥವಾ ಹಳತಾಗಿ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಈ ಅಲ್ಪ ಸಹನೆಯೂ ಉಳಿದಿರುವುದಿಲ್ಲ.

'ಯು.ಪಿ.ಎಸ್. ಇದೆಯಲ್ಲ' ಎಂಬ ಸಮಾಧಾನ ಬಹುತೇಕ ಮನೆಗಳಲ್ಲುಂಟು. ಆದರೆ ಯು.ಪಿ.ಎಸ್.ನ ಜೀವವು ಅದರೊಳಗಿನ ಬ್ಯಾಟರಿ. ಸಣ್ಣ ಯು.ಪಿ.ಎಸ್.ಗಳ ಸೀಸ-ಆಮ್ಲದ ಬ್ಯಾಟರಿಯು ಇಲ್ಲಿಯ ಬಿಸಿಲಿನಲ್ಲಿ ಎರಡು ಮೂರು ವರ್ಷ ಬಾಳಿದರೆ ಹೆಚ್ಚು. ಸತ್ತ ಬ್ಯಾಟರಿಯ ಯು.ಪಿ.ಎಸ್. ಮೇಲ್ನೋಟಕ್ಕೆ ಹಸಿರು ದೀಪ ಹಚ್ಚಿಕೊಂಡೇ ಕುಳಿತಿರುತ್ತದೆ. ವೋಲ್ಟೇಜು ಕುಸಿದೊಡನೆ ಭಾರವನ್ನು ಬ್ಯಾಟರಿಗೆ ಒಪ್ಪಿಸಲು ಹೋಗಿ ಯಂತ್ರವನ್ನು ನೆಲಕ್ಕೆ ಬೀಳಿಸುತ್ತದೆ. ರಕ್ಷಕನೇ ಹೀಗೆ ಭಕ್ಷಕನಾಗುತ್ತಾನೆ. ಇದರ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಒಂದೆರಡು ದಿನ ಯು.ಪಿ.ಎಸ್. ಬದಿಗಿಟ್ಟು ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಜೋಡಿಸಿ ನೋಡಬೇಕು. ತೊಂದರೆ ನಿಂತರೆ ಅಪರಾಧಿ ಸಿಕ್ಕಂತೆಯೇ. ಮನೆಗೆಲ್ಲ ಇನ್ವರ್ಟರ್ ಹಾಕಿಸಿಕೊಂಡವರು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಅನೇಕ ಇನ್ವರ್ಟರುಗಳಲ್ಲಿ ಸಾಮಾನ್ಯ ಬಳಕೆಗೊಂದು, ಯು.ಪಿ.ಎಸ್. ಬಳಕೆಗೊಂದು ಎಂದು ಎರಡು ಸ್ಥಾನಗಳ ಸ್ವಿಚ್ಚು ಇರುತ್ತದೆ. ಅದು ಸಾಮಾನ್ಯ ಸ್ಥಾನದಲ್ಲಿದ್ದರೆ ಬ್ಯಾಟರಿಗೆ ಬದಲಾಗುವ ವೇಗವು ದೀಪಗಳಿಗೆ ಸಾಕಾದೀತು, ಗಣಕಯಂತ್ರಕ್ಕೆ ಸಾಲದು. ಬೆರಳಿನಿಂದ ಸ್ವಿಚ್ಚನ್ನು ಸರಿಸಿದರೆ ಮುಗಿಯುವ ಕೆಲಸಕ್ಕೆ ಎಷ್ಟೋ ಯಂತ್ರಗಳು ಫಾರ್ಮ್ಯಾಟಿಗೆ ಬಲಿಯಾಗಿವೆ.

ಈ ನಾಲ್ಕು ತಾಲೂಕುಗಳ ನೆಲದ ಗುಣವೂ ಇಲ್ಲಿ ವಿಚಾರಾರ್ಹ. ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರು ವಿದ್ಯುತ್ತಾಗುತ್ತದೆ, ಯಲಬುರ್ಗಾ ಕಡೆಯ ಎರೆಹೊಲಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಆದರೂ ಹಳ್ಳಿಯ ಮನೆಯ ಪ್ಲಗ್ಗಿಗೆ ಬರುವ ವಿದ್ಯುತ್ತು ಎಲ್ಲ ಹೊತ್ತಿಗೂ ಸಮನಾಗಿರುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಗಳಲ್ಲಿ ಒಕ್ಕಲುತನವು ಬಹುಮಟ್ಟಿಗೆ ಕೊಳವೆಬಾವಿಯನ್ನೇ ನಂಬಿದೆ. ಮೂರು ಫೇಸ್ ಬಂದ ಕ್ಷಣದಲ್ಲಿ, ಆಟೊ ಸ್ಟಾರ್ಟರ್ ಹಾಕಿದ ಪಂಪುಗಳು ಸುತ್ತಲಿನ ಹೊಲಗಳಲ್ಲಿ ಒಮ್ಮೆಲೇ ಪ್ರಾರಂಭವಾಗುತ್ತವೆ. ಮೋಟಾರು ಹೊರಡುವಾಗ ತನ್ನ ಸಾಮಾನ್ಯ ಬಳಕೆಯ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯತಕ್ಕದ್ದು. ಅದೇ ಟ್ರಾನ್ಸ್‌ಫಾರ್ಮರಿನಿಂದಲೋ ಅದೇ ಮಾರ್ಗದಿಂದಲೋ ವಿದ್ಯುತ್ತು ಪಡೆಯುವ ಮನೆಗಳಲ್ಲಿ ಆಗ ವೋಲ್ಟೇಜು ಕುಸಿಯುತ್ತದೆ. ಗಂಗಾವತಿಯ ಕಾಲುವೆ ಪ್ರದೇಶದಲ್ಲಿ ನೆಲ್ಲಿನ ಸುಗ್ಗಿಯ ಕಾಲಕ್ಕೆ ಅಕ್ಕಿಗಿರಣಿಗಳ ದೊಡ್ಡ ಮೋಟಾರುಗಳು ಬಿಡುವಿಲ್ಲದೆ ದುಡಿಯುತ್ತವೆ, ಗಿರಣಿಯ ಸಮೀಪದ ಮನೆಗಳಿಗೆ ತೌಡಿನ ದೂಳು ನುಗ್ಗುತ್ತದೆ. ಕೊಪ್ಪಳದ ಪೂರ್ವಕ್ಕೆ, ಗಿಣಿಗೇರಿಯ ಸುತ್ತಮುತ್ತ, ಕಾರ್ಖಾನೆಗಳ ಕಪ್ಪು ದೂಳು ಕಿಟಕಿಯ ಹಲಗೆಯ ಮೇಲೆ ದಿನವೂ ಕೂಡುತ್ತದೆ. ಆ ಊರುಗಳ ಜನರ ಶ್ವಾಸಕೋಶದ ಕಥೆ ಬೇರೆಯೇ ಇದೆ, ಅದು ಇದಕ್ಕಿಂತ ದೊಡ್ಡದು.

ದೂಳಿನೊಂದಿಗೆ ಬಿಸಿಲೂ ಸೇರುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಸೀಮೆಯಿದು. ಪ್ರೊಸೆಸರಿನ ಮೇಲಿನ ಬೀಸಣಿಗೆಯ ಸಂದುಗಳಲ್ಲಿ ದೂಳು ಕಂಬಳಿಯಂತೆ ಹೆಪ್ಪುಗಟ್ಟಿದರೆ, ಒಳಗಿನ ಉಷ್ಣತೆಯು 100 ಡಿಗ್ರಿಯ ಸಮೀಪಕ್ಕೆ ಏರಿ, ಯಂತ್ರವು ಆತ್ಮರಕ್ಷಣೆಗಾಗಿ ನಿಂತುಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಕಾವಿನಿಂದ ಬಳಲಿದ ಯಂತ್ರವು ಸಾಮಾನ್ಯವಾಗಿ ಅರ್ಧ ಗಂಟೆ ದುಡಿದ ಮೇಲೆ ನಿಂತು, ತಣಿಯುವ ತನಕ ಏಳಲು ನಿರಾಕರಿಸುತ್ತದೆ; ವಿದ್ಯುತ್ತಿನ ಪೆಟ್ಟು ತಿಂದದ್ದು ಯಾವ ಹೊತ್ತಿನಲ್ಲಾದರೂ ಬಿದ್ದು, ಕೂಡಲೇ ಎದ್ದುಬಿಡುತ್ತದೆ. ಈ ಭೇದವು ಎಲ್ಲ ಸಲವೂ ಖಚಿತವಲ್ಲ, ಆದರೆ ಶೋಧನೆಯನ್ನು ಪ್ರಾರಂಭಿಸಲು ಸಾಕು. ಮನೆಯವರ ಪ್ರೀತಿಯೂ ಕೆಲವೊಮ್ಮೆ ಯಂತ್ರಕ್ಕೆ ಮುಳುವಾಗುತ್ತದೆ. ದೂಳು ಕೂಡಬಾರದೆಂದು ನಡೆಯುತ್ತಿರುವ ಯಂತ್ರದ ಮೇಲೆಯೇ ಕಸೂತಿಯ ಬಟ್ಟೆ ಹೊದಿಸುತ್ತಾರೆ. ಖಂಡೇಪೂಜೆಯ ದಿನ ಹಚ್ಚಿದ ವಿಭೂತಿ, ಅರಿಶಿನ, ಕುಂಕುಮಗಳು ಗಾಳಿಕಿಂಡಿಯೊಳಗೆ ಇಳಿದು ವರ್ಷವಿಡೀ ಅಲ್ಲಿಯೇ ವಾಸಿಸುತ್ತವೆ. ಪೂಜೆಯನ್ನು ಬಿಡಬೇಕಾಗಿಲ್ಲ, ವಿಭೂತಿಯನ್ನು ಪೆಟ್ಟಿಗೆಯ ಮುಂಭಾಗಕ್ಕೆ ಹಚ್ಚಿದರೆ ಆಯಿತು. ಪೂಜೆಯ ಹಿಂದಿನ ದಿನ ಪ್ಲಗ್ಗನ್ನು ಕಿತ್ತು, ಮುಚ್ಚಳ ತೆಗೆದು, ಬೀಸಣಿಗೆಯನ್ನು ಬೆರಳಿನಿಂದ ಹಿಡಿದು ಒಣ ಕುಂಚದಿಂದಲೋ ಬ್ಲೋಯರಿನಿಂದಲೋ ದೂಳು ತೆಗೆಯುವುದು ಅದಕ್ಕಿಂತ ದೊಡ್ಡ ಪೂಜೆ. ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ಗು ಕಿತ್ತ ಬಳಿಕವೂ ಅದರೊಳಗಿನ ಕೆಪಾಸಿಟರು ಪ್ರಾಣಾಪಾಯದ ವೋಲ್ಟೇಜನ್ನು ಹಿಡಿದುಕೊಂಡಿರಬಹುದು.

ತಂತ್ರಾಂಶದ ದೋಷದಿಂದ ಹೀಗಾಗುವುದೇ ಇಲ್ಲವೆಂದಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವೈರಸ್ಸು ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳನ್ನು ಹೀಗೆಯೇ ಮರುಚಾಲನೆಗೊಳಿಸಿ ಕಾಡಿತ್ತು. ವಿಂಡೋಸ್ ತಾನು ಎಡವಿದಾಗ ನೀಲಿ ಪರದೆಯಲ್ಲಿ ಕಾರಣದ ಸಂಕೇತವನ್ನು ಬರೆಯುತ್ತದೆ. ಆದರೆ ಅದನ್ನು ಓದುವ ಮೊದಲೇ ಮರುಚಾಲನೆಗೊಳ್ಳುವ ಏರ್ಪಾಡು ಅದರಲ್ಲಿಯೇ ಇದೆ. ಸಿಸ್ಟಮ್ ಪ್ರಾಪರ್ಟೀಸ್‌ನ 'ಸ್ಟಾರ್ಟಪ್ ಅಂಡ್ ರಿಕವರಿ' ಭಾಗದಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಗುರುತನ್ನು ತೆಗೆದರೆ ಆ ಸಂಕೇತವು ಪರದೆಯಲ್ಲಿ ನಿಲ್ಲುತ್ತದೆ. ಇವೆಲ್ಲಕ್ಕೂ ಮೊದಲು ಯಂತ್ರವನ್ನು ವಿಂಡೋಸಿಗೆ ಹೋಗಗೊಡದೆ ಬಯೋಸ್ ಪರದೆಯಲ್ಲಿಯೇ ಒಂದು ಗಂಟೆ ನಿಲ್ಲಿಸಿಡುವುದು ಉತ್ತಮ. ಅಲ್ಲಿಯೂ ಬಿದ್ದರೆ ವಿಂಡೋಸ್ ನಿರಪರಾಧಿ. ಫಾರ್ಮ್ಯಾಟಿನ ಮಾತನ್ನು ಅಲ್ಲಿಗೇ ಬಿಡಬೇಕು. ಅಲ್ಲಿ ಬೀಳದೆ ವಿಂಡೋಸಿನಲ್ಲಿ ಮಾತ್ರ ಬಿದ್ದರೆ, ನೀಲಿ ಪರದೆಯ ಸಂಕೇತವನ್ನೂ ರ‍್ಯಾಮಿನ ಸ್ಥಿತಿಯನ್ನೂ ಪರಿಶೀಲಿಸಬೇಕು.

ಶಾಲೆಗಳ ಪಾತ್ರವು ಇಲ್ಲಿಂದ ಪ್ರಾರಂಭವಾಗುತ್ತದೆ. ಗಣಕಯಂತ್ರದ ಭಾಗಗಳ ಹೆಸರುಗಳನ್ನು ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಮುಚ್ಚಳ ತೆಗೆದ ಯಂತ್ರವನ್ನು ನೋಡಿದವರು ವಿರಳ. ಕೆಟ್ಟ ಯಂತ್ರವೇ ಉತ್ತಮ ಪಠ್ಯಪುಸ್ತಕವೆಂಬುದನ್ನು ಅಧ್ಯಾಪಕರು ಮನಗಾಣಬೇಕು. ಪ್ರತಿ ಮರುಚಾಲನೆಯ ದಿನಾಂಕ, ಹೊತ್ತು, ಆಗ ನಡೆದಿದ್ದ ಕೆಲಸ, ದೀಪ ಮಿಣುಕಿತೋ ಇಲ್ಲವೋ, ಇಷ್ಟನ್ನು ವಿದ್ಯಾರ್ಥಿಯು ಒಂದು ನೋಟುಪುಸ್ತಕದಲ್ಲಿ ಎರಡು ವಾರ ಬರೆದಿಟ್ಟರೆ, ಕಾರಣವು ತಾನಾಗಿ ಮುಖ ತೋರಿಸುತ್ತದೆ. ದಿನವೂ ಮೂರು ಫೇಸ್ ಬರುವ ಹೊತ್ತಿಗೇ ಯಂತ್ರ ಬೀಳುವುದೆಂದು ತನ್ನ ಬರಹದಿಂದ ಕಂಡುಕೊಂಡ ಹುಡುಗನಿಗೆ ವಿಜ್ಞಾನದ ವಿಧಾನವನ್ನು ಬೇರೆ ಪಾಠದಿಂದ ಹೇಳಿಕೊಡಬೇಕಾಗಿಲ್ಲ.

ದಾನಿಗಳ ವಿಷಯದಲ್ಲಿಯೂ ಒಂದು ಮಾತುಂಟು. ಶಾಲೆಗೆ ಹತ್ತು ಗಣಕಯಂತ್ರಗಳನ್ನು ಕೊಟ್ಟ ಮಹನೀಯರ ಹೆಸರು ಕಲ್ಲಿನ ಮೇಲೆ ಕೆತ್ತಲ್ಪಡುತ್ತದೆ, ಅದು ಯುಕ್ತವೇ. ಆದರೆ ಅದೇ ಕೋಣೆಗೆ ಸರಿಯಾದ ವೈರಿಂಗು, ಸ್ಟೆಬಿಲೈಸರು, ಅರ್ಥಿಂಗ್ ಗುಂಡಿ, ಮೂರು ವರ್ಷಕ್ಕೊಮ್ಮೆ ಬ್ಯಾಟರಿ, ಇವುಗಳಿಗೆ ಹಣ ಕೊಡುವವರು ಸಿಗುವುದಿಲ್ಲ. ಕೊಟ್ಟ ಯಂತ್ರಗಳು ಅಕಾಲದಲ್ಲಿ ಮೂಲೆ ಸೇರುವುದಕ್ಕೆ ಇದೇ ಬಹುಮಟ್ಟಿನ ಕಾರಣ. ಮಠದ ದಾಸೋಹಕ್ಕೆ ಅಕ್ಕಿ ಕೊಟ್ಟವರೂ ಉಂಟು, ಕಟ್ಟಿಗೆ ಕೊಟ್ಟವರೂ ಉಂಟು, ನೀರು ಹೊತ್ತವರೂ ಉಂಟು, ಅಕ್ಕಿಯೊಂದರಿಂದಲೇ ಪ್ರಸಾದವಾದದ್ದಿಲ್ಲ. ಹತ್ತು ಯಂತ್ರಗಳಿಗೆ ಬದಲು ಎಂಟನ್ನೇ ಕೊಟ್ಟು, ಉಳಿದ ಹಣವನ್ನು ಕೋಣೆಯ ವಿದ್ಯುತ್ತಿಗೆ ಮೀಸಲಿಟ್ಟರೆ ಆ ಎಂಟೂ ಬಹುಕಾಲ ದುಡಿಯುತ್ತವೆ. ಹೊರ ಊರುಗಳಲ್ಲಿ ಇದೇ ವಿದ್ಯೆಯಿಂದ ಬದುಕು ಕಟ್ಟಿಕೊಂಡ ಹಳೆಯ ವಿದ್ಯಾರ್ಥಿಗಳು ಪುಷ್ಯಮಾಸದಲ್ಲಿ ಗವಿಮಠದ ಜಾತ್ರೆಗೆ ಬಂದಾಗ, ಬೇಸಿಗೆಗೆ ಮುಂಚಿನ ಆ ದಿನಗಳಲ್ಲಿ ಒಂದು ಮುಂಜಾವನ್ನು ತಮ್ಮ ಶಾಲೆಯ ಗಣಕಕೋಣೆಗೆ ಕೊಡಬಹುದು. ಮುಚ್ಚಳ ತೆಗೆದು ದೂಳು ಝಾಡಿಸಿ, ಪ್ರತಿ ಬ್ಯಾಟರಿಯ ಮೇಲೆ ಅದನ್ನು ಕೂಡಿಸಿದ ತಿಂಗಳು, ವರ್ಷವನ್ನು ಬರೆದು, ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿ ಹೋದರೆ, ಮುಂದಿನ ಜಾತ್ರೆಯವರೆಗಿನ ಕೆಲಸ ಅದೇ ಆಗಿರುತ್ತದೆ.