ಕೊಳೆ, ಕಮಟು, ಮುಗ್ಗು: ಇಂಗ್ಲಿಷಿನ ಕ್ಷಯವಾಚಕಗಳು ಮತ್ತು ಕನ್ನಡ ಭಾಷಾಂತರ

ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರಿಸುವಾಗ ಎದುರಾಗುವ ತೊಡಕುಗಳ ಚರ್ಚೆ ಬಹುಮಟ್ಟಿಗೆ ತಾತ್ವಿಕ ಹಾಗೂ ವೈಜ್ಞಾನಿಕ ಪರಿಭಾಷೆಯ ಸುತ್ತಲೇ ನಡೆದಿದೆ. ದಿನಬಳಕೆಯ ಪದಗಳು ಸುಲಭವೆಂಬ ನಂಬಿಕೆ ಇದಕ್ಕೆ ಕಾರಣವಿರಬಹುದು. ವಸ್ತುಗಳು ಕೆಡುವ ಬಗೆಯನ್ನು ಹೇಳುವ ಇಂಗ್ಲಿಷ್ ಪದಗಳನ್ನು ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ರಾಟ್, ಡಿಕೇ, ಪ್ಯೂಟ್ರಿಡ್, ರಾನ್ಸಿಡ್, ಮಸ್ಟಿ, ಸ್ಟೇಲ್ ಮೊದಲಾದ ಎಲ್ಲಕ್ಕೂ ‘ಕೊಳೆತ’ ಅಥವಾ ‘ಕ್ಷಯಿಸಿದ’ ಎಂಬೆರಡರಲ್ಲಿ ಒಂದನ್ನು ಇಟ್ಟು ಮುಂದೆ ಸಾಗುವ ರೂಢಿ ತರಗತಿಯ ಅಭ್ಯಾಸಗಳಲ್ಲಿಯೂ ಮುದ್ರಿತ ಅನುವಾದಗಳಲ್ಲಿಯೂ ಕಾಣುತ್ತದೆ. ಈ ರೂಢಿಯಿಂದ ಮೂಲಕೃತಿಗೆ ಆಗುವ ಅನ್ಯಾಯಕ್ಕಿಂತ ಕನ್ನಡದ ಪದಸಂಪತ್ತಿಗೆ ಆಗುವ ನಷ್ಟವೇ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಈ ಇಂಗ್ಲಿಷ್ ಪದಗಳು ಒಂದೇ ಮೂಲದವಲ್ಲ. ರಾಟ್ ಹಳೆಯ ಇಂಗ್ಲಿಷಿನ ದೇಶ್ಯ ಪದ. ಡಿಕೇ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ ಪದ. ‘ಕೆಳಗೆ ಬೀಳು’ ಎಂಬುದು ಅದರ ಧಾತ್ವರ್ಥ. ಪ್ಯೂಟ್ರಿಡ್ ಕೂಡ ಲ್ಯಾಟಿನ್ ಮೂಲದ್ದೇ. ಅದರ ಧಾತುವೂ ಸಂಸ್ಕೃತದ ಪೂತಿ, ಪೂಯ ಶಬ್ದಗಳ ಧಾತುವೂ ಇಂಡೋ-ಯುರೋಪಿಯನ್ ಮೂಲದಲ್ಲಿ ಒಂದೇ. ಹೀಗೆ ಮೂಲಭೇದದೊಡನೆ ಶೈಲಿಭೇದವೂ ಬೆಳೆದಿದೆ. ‘ಹ್ಯಾಮ್ಲೆಟ್’ ನಾಟಕದ ಐದನೆಯ ಅಂಕದಲ್ಲಿ, ಹೂಳಿದ ದೇಹ ಎಷ್ಟು ಕಾಲದಲ್ಲಿ ಕೊಳೆಯುತ್ತದೆಂಬ ಮಾತು ಬಂದಾಗ ರಾಜಕುಮಾರನೂ ಗೋರಿ ತೋಡುವವನೂ ಬಳಸುವುದು ರಾಟ್ ಎಂಬ ಆ ದೇಶ್ಯ ಧಾತುವನ್ನೇ. ಅರಮನೆಯವನೂ ಗುದ್ದಲಿಯವನೂ ಅಲ್ಲಿ ಒಂದೇ ನುಡಿಗೆ ಇಳಿದಿದ್ದಾರೆ. ಅನುವಾದಕನು ಅಲ್ಲಿ ‘ಕ್ಷಯ’ವನ್ನು ತಂದರೆ ಆ ಸಮಾನತೆ ಅಳಿದುಹೋಗುತ್ತದೆ, ‘ಕೊಳೆ’ ಎಂಬ ದೇಶ್ಯ ಧಾತುವೇ ಅಲ್ಲಿಗೆ ತಕ್ಕುದು.

ಇನ್ನು ವಸ್ತುಭೇದದ ವಿಚಾರ. ಜಿಡ್ಡು ಪದಾರ್ಥ ಕೆಟ್ಟರೆ ರಾನ್ಸಿಡ್, ತೇವದಿಂದ ಕೆಟ್ಟ ವಾಸನೆ ಬಂದರೆ ಮಸ್ಟಿ ಎಂದು ಇಂಗ್ಲಿಷ್ ವಿಂಗಡಿಸುತ್ತದೆ. ಕನ್ನಡದ ವಿಂಗಡಣೆ ಇದಕ್ಕೆ ಕಡಿಮೆಯದಲ್ಲ. ಎಣ್ಣೆ, ಕೊಬ್ಬರಿಗಳು ಕಮಟಾಗುತ್ತವೆ, ಧಾನ್ಯ ಮುಗ್ಗುತ್ತದೆ, ಬೇಯಿಸಿದ ಅನ್ನ, ಸಾರು ಹಳಸುತ್ತವೆ, ಹಾಲು ಒಡೆಯುತ್ತದೆ, ಹಲ್ಲು ಹುಳುಕಾಗುತ್ತದೆ, ಮರ ಲಡ್ಡು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು. ಹಲ್ಲು ಕೆಟ್ಟರೂ ಮರ ಕೆಟ್ಟರೂ ಇಂಗ್ಲಿಷಿನಲ್ಲಿ ಡಿಕೇ ಎಂಬ ಒಂದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ಹುಳುಕು, ಲಡ್ಡು ಎಂದು ಬೇರೆ ಬೇರೆ.

ಮೇಲುನೋಟಕ್ಕೆ ಸಮಾನವೆನಿಸುವ ಪದಗಳಲ್ಲಿ ಮೌಲ್ಯಭೇದವೂ ಇದೆ. ಸ್ಟೇಲ್ ಪದಕ್ಕೆ ‘ತಂಗಳು’ ಸಮಾನವೆಂದು ಭಾವಿಸುತ್ತೇವೆ. ತಂಗಳೆಂದರೆ ರಾತ್ರಿ ಕಳೆದ ಆಹಾರ, ಅದು ಕೆಟ್ಟಿರಬೇಕೆಂದಿಲ್ಲ. ಇಂದಿನ ಸ್ಟೇಲ್ ಪದದಲ್ಲಿ ತಿರಸ್ಕಾರವಿದೆ. ಆದರೆ ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅದೇ ಪದವು ಬಹುಕಾಲ ನಿಂತು ತಿಳಿಯಾದ ಮದ್ಯವನ್ನು ಮೆಚ್ಚಿ ಹೇಳುವ ಮಾತಾಗಿತ್ತು. ಹಾಗಾಗಿ ಅನುವಾದಕನು ನಿಘಂಟಿನ ಜೊತೆಗೆ ಪಠ್ಯದ ಕಾಲವನ್ನೂ ನೋಡಬೇಕಾಗುತ್ತದೆ.

ನೈತಿಕ ಅರ್ಥವಿಸ್ತಾರದಲ್ಲಿಯೂ ಎರಡು ಭಾಷೆಗಳ ದಾರಿ ಬೇರೆ. ಕರಪ್ಟ್ ಪದದ ಲ್ಯಾಟಿನ್ ಧಾತುವಿಗೆ ‘ಮುರಿ’ ಎಂಬ ಅರ್ಥ; ಅದಕ್ಕೆ ನಾವು ಬಳಸುವ ‘ಭ್ರಷ್ಟ’ದ ಅರ್ಥ ‘ಬಿದ್ದ’. ಧಾತ್ವರ್ಥದಲ್ಲಿ ಭ್ರಷ್ಟವು ಡಿಕೇಗೆ ಹತ್ತಿರ. ಹಳೆಯ ಇಂಗ್ಲಿಷ್ ಗದ್ಯದಲ್ಲಿ ಶವಕ್ಕೂ ಶೀಲಕ್ಕೂ ಸಲ್ಲುವ ಕರಪ್ಟ್ ಪದಕ್ಕೆ ‘ಭ್ರಷ್ಟ’ ಒದಗದು. ಹಾಲು ಕೆಟ್ಟಿತು, ಕಾಲ ಕೆಟ್ಟಿತು, ಮಗ ಕೆಟ್ಟ ಎಂದು ಎರಡೂ ನೆಲೆಗಳಲ್ಲಿ ನಡೆಯುವ ‘ಕೆಡು’ ಧಾತು ನಮ್ಮಲ್ಲಿದ್ದೂ ಅನುವಾದಗಳಲ್ಲಿ ಹಿಂದೆ ಸರಿದಿದೆ.

ಪದಗಳ ಸಂಚಾರ ಏಕಮುಖವಲ್ಲವೆಂಬುದಕ್ಕೆ ಈ ಅರ್ಥಕ್ಷೇತ್ರದಲ್ಲೇ ನಿದರ್ಶನವಿದೆ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರವಿಜ್ಞಾನಿ ಎಂ. ಸಿ. ಕುಕ್ ಕಾಫಿಗಿಡದ ಎಲೆಯನ್ನು ಕೊಳೆಯಿಸುವ ಶಿಲೀಂಧ್ರಕ್ಕೆ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಕೆಯ ರೋಗವನ್ನು ಕುರಿತು ಪ್ರಕಟಿಸಿದ ಇಂಗ್ಲಿಷ್ ವರದಿಯಲ್ಲಿಯೂ ಕೊಳೆರೋಗವೆಂಬ ಹೆಸರನ್ನೇ ಉಳಿಸಿಕೊಂಡನು. ರಾಟ್ ಎಂಬ ಪದ ಕೈಯಲ್ಲಿದ್ದೂ ಆ ವಿದ್ವಾಂಸರು ತೋಟಗಾರರ ಮಾತನ್ನು ಎತ್ತಿಕೊಂಡರು. ಮಳೆಗಾಲದ ಒಂದು ನಿರ್ದಿಷ್ಟ ವಿಪತ್ತನ್ನು ಆ ಮಾತು ಗುರುತಿಸಿತ್ತು. ಅವರು ತೋರಿದ ಈ ಎಚ್ಚರವನ್ನು ನಮ್ಮ ಅನುವಾದಕರೂ ನಿಘಂಟುಕಾರರೂ ತೋರಬೇಕಾಗಿದೆ.

ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಮುಂದಿನ ಇಂಗ್ಲಿಷ್-ಕನ್ನಡ ನಿಘಂಟುಗಳು ಇಂಥ ಪದಗಳಿಗೆ ಸಮಾನಾರ್ಥಕಗಳ ಸಾಲನ್ನಷ್ಟೇ ಕೊಡದೆ, ಪ್ರತಿಯೊಂದೂ ಯಾವ ವಸ್ತುವಿಗೆ ಸಲ್ಲುತ್ತದೆಂಬುದನ್ನು ಹೇಳಬೇಕು. ಬೂಷ್ಟು, ಬೂಸ್ಟು, ಬೂಜು ಮುಂತಾದವುಗಳ ಪ್ರಾದೇಶಿಕ ರೂಪ ಮತ್ತು ಅರ್ಥವ್ಯಾಪ್ತಿಯನ್ನು ಕ್ಷೇತ್ರಕಾರ್ಯದಿಂದ ದಾಖಲಿಸಬೇಕು. ಅಡುಗೆಮನೆ, ಕಣಜ, ಬಡಗಿಯ ಕೊಟ್ಟಿಗೆ, ಕಂಚುಗಾರನ ಅಂಗಡಿಗಳಲ್ಲಿ ಈ ಪದಗಳಿನ್ನೂ ಬಾಯಲ್ಲಿರುವಾಗಲೇ ಸಂಶೋಧನ ವಿದ್ಯಾರ್ಥಿಗಳು ಅವನ್ನು ಸಂಗ್ರಹಿಸುವುದು ಒಳಿತು. ಕಮಟು, ಮುಗ್ಗುಗಳನ್ನು ಅರಿಯದ ಅನುವಾದಕನಿಗೆ ರಾನ್ಸಿಡ್, ಮಸ್ಟಿಗಳ ನಡುವಣ ಅಂತರವೂ ಗೋಚರಿಸದು.