ಮೀನು ಹೊಂಡದ ಪಕ್ಕ ಒಂದು ಹಸಿರು ತೊಟ್ಟಿ

ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕುವವರಲ್ಲಿ ಹಲವರು ಪಕ್ಕದಲ್ಲೇ ಇನ್ನೊಂದು ತೊಟ್ಟಿಗೆ ದೀಪ ಹಾಕಿ ಉಲ್ವಾ, ಗ್ರಾಸಿಲೇರಿಯಾದಂಥ ಕಡಲ ಪಾಚಿ ಬೆಳೆಸುತ್ತಾರೆ. ಮೀನಿನ ಹಿಕ್ಕೆಯಿಂದ ನೀರು ಸೇರುವ ನೈಟ್ರೇಟ್, ಫಾಸ್ಫೇಟುಗಳನ್ನು ಹೀರಿಯೇ ಈ ಪಾಚಿ ಬೆಳೆಯುತ್ತದೆ. ಅದನ್ನು ಕಿತ್ತು ಪಾಚಿ ಮೇಯುವ ಮೀನಿಗೆ ಹಾಕಿದರೆ ಅದರ ಹೊಟ್ಟೆಯೂ ತುಂಬಿತು, ನೀರೂ ಹಸನಾಯಿತು. ಕಡಲಿಲ್ಲದ ಬಳ್ಳಾರಿಗೆ ಉಪ್ಪುನೀರಿನ ಈ ಹವ್ಯಾಸ ದೂರದ್ದೆನಿಸಬಹುದು. ಆದರೆ ಅದರ ಹಿಂದಿನ ಲೆಕ್ಕ ಸಿರುಗುಪ್ಪ, ಕುರುಗೋಡು ಸೀಮೆಯ ಸಿಹಿನೀರಿನ ಹೊಂಡಗಳಿಗೂ ಒಪ್ಪುತ್ತದೆ. ಮೀನು ಮರಿ ಬಿಡುವ ಪ್ರತಿ ಹೊಂಡದ ಪಕ್ಕದಲ್ಲಿ ಹಸಿರು ಮೇವಿನ ತೊಟ್ಟಿಯೂ ಇರಬೇಕು, ಸರ್ಕಾರದ ನೆರವು ಎರಡಕ್ಕೂ ಒಟ್ಟಿಗೇ ಸಿಗಬೇಕು ಎಂಬುದು ನನ್ನ ವಾದ.

ತುಂಗಭದ್ರೆಯ ಕಾಲುವೆ ಹರಿಯುವಲ್ಲಿ ಭತ್ತ, ಅದು ಮುಟ್ಟದ ಕಡೆ ಮಳೆಯನ್ನೇ ನಂಬಿದ ಹೊಲ. 2014ರಲ್ಲಿ ಶುರುವಾದ ಕೃಷಿ ಭಾಗ್ಯದಂಥ ಯೋಜನೆಗಳಿಂದ ರಾಜ್ಯದ ಒಣಭೂಮಿಯಲ್ಲಿ ಸಾವಿರಾರು ಕೃಷಿ ಹೊಂಡಗಳಾದವು. ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಕೆಸರಿನ ತಳವೇ ಇಲ್ಲ. ಕೆರೆಯಲ್ಲಿ ತಾನಾಗಿ ಹುಟ್ಟುವ ಆಹಾರ ಅಲ್ಲಿ ಕಡಿಮೆ, ಮೀನಿಗೆ ನಾವೇ ಉಣಿಸಬೇಕು. ಉಣಿಸುವುದು ಅಕ್ಕಿ ತೌಡು, ಶೇಂಗಾ ಹಿಂಡಿ ಅಥವಾ ಚೀಲದಲ್ಲಿ ಬರುವ ತೇಲುವ ಗುಳಿಗೆ. ತಿಂದ ಸಾರಜನಕದಲ್ಲಿ ಮೀನಿನ ಮೈಗೆ ಹತ್ತುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲಿನ ಆಸುಪಾಸು; ಮಿಕ್ಕದ್ದು ಅಮೋನಿಯವಾಗಿ, ಹಿಕ್ಕೆಯಾಗಿ ನೀರಿಗೇ ಬೀಳುತ್ತದೆ. ರೈತ ದುಡ್ಡು ಕೊಟ್ಟು ತಂದ ಹಿಂಡಿಯ ಬಹುಪಾಲು ಹೀಗೆ ನೀರನ್ನು ಕೆಡಿಸಲು ಹೋಗುತ್ತದೆ. ಹಾಳೆ ಹಾಸಿದ ಹೊಂಡದಲ್ಲಿ ಅದನ್ನು ಹಿಡಿದಿಡುವ ಮಣ್ಣೂ ಇಲ್ಲ.

ಹಿಡಿದಿಡಬಲ್ಲದ್ದು, ಹೊಂಡದ ನೀರನ್ನೇ ಹಾಯಿಸಿದ ತೊಟ್ಟಿಯಲ್ಲಿ ಬೆಳೆಯುವ ತೇಲುವ ಗಿಡ. ಹೈನುಗಾರರಿಗೆ ಅಜೋಲ್ಲಾ ಹೊಸದಲ್ಲ. ಅದರ ಎಲೆಯೊಳಗೆ ವಾಸಿಸುವ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿಸುತ್ತದೆ, ಒಣತೂಕದಲ್ಲಿ ಶೇ 20ರಿಂದ 30ರಷ್ಟು ಪ್ರೋಟೀನ್ ಇರುತ್ತದೆ. ಆದರೆ ಹೊಂಡದ ಕೊಳೆ ತೆಗೆಯುವ ಕೆಲಸಕ್ಕೆ ಅಜೋಲ್ಲಾಕ್ಕಿಂತ ಡಕ್‌ವೀಡ್ ಎಂಬ ಇನ್ನೊಂದು ತೇಲುವ ಪುಟ್ಟ ಗಿಡ ಮೇಲು. ಅದಕ್ಕೆ ಗಾಳಿಯ ಸಾರಜನಕ ದಕ್ಕುವುದಿಲ್ಲ, ಹಾಗಾಗಿ ನೀರಿನ ಅಮೋನಿಯವನ್ನೇ ತಿನ್ನುತ್ತದೆ. ಈ ಎರಡನ್ನೂ ಮೇಯುವ ಮುಖ್ಯ ಮೀನು 1959ರಲ್ಲಿ ಭಾರತಕ್ಕೆ ಬಂದ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್). ರೋಹು ಸ್ವಲ್ಪ ತಿಂದೀತು, ಕಾಟ್ಲಾ ಮುಟ್ಟುವುದು ಕಡಿಮೆ. ಹುಲ್ಲುಗೆಂಡೆ ದಿನಕ್ಕೆ ತನ್ನ ತೂಕದಷ್ಟು ಹಸಿರು ತಿನ್ನಬಲ್ಲದು, ಆದರೆ ಅದರಲ್ಲಿ ಬಹಳಷ್ಟು ಅರೆಬರೆ ಜೀರ್ಣವಾಗಿಯೇ ಹೊರಬರುತ್ತದೆ. ಆ ಹಿಕ್ಕೆಯಿಂದ ಪ್ಲಾಂಕ್ಟನ್ ಹುಟ್ಟುತ್ತದೆ, ಪ್ಲಾಂಕ್ಟನ್ನಿನಿಂದ ಕಾಟ್ಲಾ, ಬೆಳ್ಳಿಗೆಂಡೆ ಬೆಳೆಯುತ್ತವೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿವೆ, ತೌಡು ಕೈಗೆಟಕುತ್ತದೆ, ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆ. ಅಜೋಲ್ಲಾದಲ್ಲಿ ಶೇ 90ಕ್ಕೂ ಹೆಚ್ಚು ನೀರೇ. ಚೆನ್ನಾಗಿ ನೋಡಿಕೊಂಡ ತೊಟ್ಟಿಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 200 ಗ್ರಾಂ ಸಿಕ್ಕರೆ, ಹತ್ತು ಚದರ ಮೀಟರಿನ ತೊಟ್ಟಿಯಿಂದ ಎರಡು ಕಿಲೋ. ಅದು ಅರ್ಧ ಕಿಲೋ ತೂಗುವ ನಾಲ್ಕು ಹುಲ್ಲುಗೆಂಡೆಗಳ ಒಂದು ದಿನದ ಊಟ, ಅಷ್ಟೇ. ಹಸಿರು ತೊಟ್ಟಿ ಇದ್ದರೆ ಹಿಂಡಿಯೇ ಬೇಡ ಎಂದು ಹೇಳುವವರನ್ನು ನಂಬಬಾರದು. ಆದರೆ ತೌಡಿನಲ್ಲಿ ಪ್ರೋಟೀನ್ ಶೇ 12ರ ಆಸುಪಾಸು ಮಾತ್ರ, ಕೊರತೆ ತುಂಬಲು ದುಬಾರಿ ಹಿಂಡಿ ಬೇಕೇ ಬೇಕು. ತಿನ್ನದೆ ಉಳಿದ ತೌಡು ಕೊಳೆತು ನೀರಿನ ಆಮ್ಲಜನಕ ಇಳಿಸುತ್ತದೆ. ತೊಟ್ಟಿಯ ಸೊಪ್ಪು ಹಿಂಡಿಯ ಒಂದು ಪಾಲನ್ನು ಉಳಿಸುತ್ತದೆ, ಜೊತೆಗೆ ನೀರನ್ನೂ ಕಾಯುತ್ತದೆ. ಈ ಎರಡನೇ ಲಾಭವನ್ನು ನಮ್ಮ ಲೆಕ್ಕಗಳು ಹಿಡಿಯುವುದೇ ಇಲ್ಲ. ಹೆಚ್ಚಾದ ಸೊಪ್ಪು ಎಮ್ಮೆಗೆ, ಕೋಳಿಗೆ ಆಯಿತು.

ಬೇಸಿಗೆಯ ಆಕ್ಷೇಪ ಇನ್ನೂ ಗಟ್ಟಿ. ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಅಜೋಲ್ಲಾ 35ರ ಮೇಲೆ ಸೊರಗುತ್ತದೆ. ಶೇಡ್‌ನೆಟ್ಟಿನ ಅಥವಾ ಬೇವಿನ ಮರದ ನೆರಳು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಳುವರಿ ಕುಗ್ಗುತ್ತದೆಂದು ಮೊದಲೇ ಲೆಕ್ಕ ಹಾಕಬೇಕು. ಗಿಡವನ್ನು ಮೀನಿರುವ ಹೊಂಡದಲ್ಲೇ ಬಿಟ್ಟು ಮೇಲ್ಮೈಯೆಲ್ಲ ಮುಚ್ಚಲು ಬಿಟ್ಟರೆ ಬೆಳಕು ಒಳಗಿಳಿಯದೆ ಬೆಳಗಿನ ಜಾವ ಮೀನು ಉಸಿರಿಗೆ ಒದ್ದಾಡುತ್ತವೆ. ಬೇರೆ ತೊಟ್ಟಿಯೇ ಬೇಕೆನ್ನುವುದು ಇದಕ್ಕಾಗಿ.

ನಾನು ಯಾವ ರಿಯಾಯಿತಿಯನ್ನೂ ಒಪ್ಪದ ವಿಷಯ ನೀರಿನದು. ಈ ಗಿಡಗಳು ಗೊಬ್ಬರದಂತೆಯೇ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿ ಮೈಯಲ್ಲಿ ಕೂಡಿಡುತ್ತವೆ. ಬಳ್ಳಾರಿ ನಗರದ ಚರಂಡಿ, ಜೀನ್ಸ್ ತೊಳೆಯುವ ಘಟಕಗಳ ಹೊರನೀರು, ಗಣಿ ಕಡೆಯಿಂದ ಹರಿದು ಬರುವ ಕೆಂಪು ನೀರು, ಔಷಧಿ ಹೊಡೆದ ಗದ್ದೆಯ ಬಸಿನೀರು ಇವುಗಳಲ್ಲಿ ಬೆಳೆದ ಸೊಪ್ಪು ಮೀನಿನ ಮೂಲಕ ನಮ್ಮ ತಟ್ಟೆಗೇ ಬರುತ್ತದೆ. ಆದ್ದರಿಂದ ಮೀನುಗಾರಿಕೆ ಇಲಾಖೆ ಹೊಂಡಕ್ಕೆ ಮರಿ ಕೊಡುವ ಮುನ್ನ ನೀರಿನ ಪರೀಕ್ಷೆ ಮಾಡಿಸಲಿ. ಹುಲ್ಲುಗೆಂಡೆ ಕಾಲುವೆಗೆ, ಅಲ್ಲಿಂದ ನದಿಗೆ ನುಸುಳದಂತೆ ಹೊರಹರಿವಿಗೆ ಜಾಲರಿ ಕಡ್ಡಾಯವಾಗಲಿ. ಹಸಿರು ತೊಟ್ಟಿಯ ಹಾಳೆ, ನೆರಳು ಬಲೆಗಳ ಖರ್ಚೂ ಹೊಂಡದ ಸಹಾಯಧನದಲ್ಲೇ ಸೇರಲಿ.