ದಿಮ್ಮಿ ಎಳೆಯುವ ಉಕ್ಕಿನ ಹಗ್ಗ: ಕೊಳ್ಳುವಾಗ ಜಾಣ್ಮೆ, ಬಿಸಾಡುವಾಗ ಧೈರ್ಯ



ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರವು ಮೂರು ವಿಧದಲ್ಲಿ ಉಪಕಾರಿಯಾಗಿದೆ. ಕಾಫಿಗೆ ನೆರಳಾಗುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬಲಿತ ಮೇಲೆ ಮರದ ಬೆಲೆಯಾಗಿ ಕೈಗೆ ಬರುತ್ತದೆ. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಮರ ಕಡಿದು ದಿಮ್ಮಿಗಳನ್ನು ರಸ್ತೆಗೆ ತರುವ ಕೆಲಸ ಭರದಿಂದ ನಡೆಯುತ್ತದೆ. ಹಿಂದೆ ಈ ಕೆಲಸವನ್ನು ಆನೆಗಳೂ ಆಳುಗಳ ಹೆಗಲುಗಳೂ ಮಾಡುತ್ತಿದ್ದವು. ಈಗ ಅನೇಕ ತೋಟಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಕೂರಿಸಿದ ವಿಂಚ್ ಯಂತ್ರವೂ ಅದರ ಉಕ್ಕಿನ ಹಗ್ಗವೂ ಮಾಡುತ್ತಿವೆ.

ಬೇಸಾಯ ಶಾಸ್ತ್ರದವನು ಉಕ್ಕಿನ ಹಗ್ಗದ ಬಗ್ಗೆ ಬರೆಯುವುದೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ಕಾಫಿ ಗಿಡದ ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲ್ಮಣ್ಣಿನ ಒಂದು ಅಡಿಯೊಳಗೇ ಹರಡಿರುತ್ತವೆ. ಟ್ರ್ಯಾಕ್ಟರ್ ಗಿಡಗಳ ಸಾಲಿನೊಳಗೆ ನುಗ್ಗಿದರೆ ಈ ಮಣ್ಣು ಬಿಗಿದುಕೊಳ್ಳುತ್ತದೆ, ಗಾಳಿ ನೀರುಗಳ ಓಡಾಟ ಕುಗ್ಗುತ್ತದೆ, ಬೇರು ನಲುಗುತ್ತದೆ. ಅದೇ ಟ್ರ್ಯಾಕ್ಟರ್ ರಸ್ತೆಯ ಮೇಲೆಯೇ ನಿಂತು, ಹಗ್ಗವನ್ನು ಮಾತ್ರ ತೋಟದೊಳಗೆ ಕಳುಹಿಸಿ ದಿಮ್ಮಿಯನ್ನು ಎಳೆದುಕೊಂಡರೆ ನೆಲ ಉಳಿಯುತ್ತದೆ. ಆದ್ದರಿಂದ ವಿಂಚಿನ ಹಗ್ಗವೂ ಒಂದು ಬೇಸಾಯದ ಉಪಕರಣವೇ ಸರಿ. ಆದರೆ ಗೊಬ್ಬರ, ಔಷಧಿಗಳನ್ನು ಕೊಳ್ಳುವಾಗ ತೋರಿಸುವ ವಿಚಾರಶಕ್ತಿಯನ್ನು ನಾವು ಹಗ್ಗ ಕೊಳ್ಳುವಾಗ ತೋರಿಸುತ್ತಿಲ್ಲ. ಲಕ್ಷಗಟ್ಟಲೆ ಬೆಲೆಯ ಟ್ರ್ಯಾಕ್ಟರ್ ಕೊಂಡು, ಹಗ್ಗಕ್ಕೆ ಗುಜರಿ ಅಂಗಡಿಗೆ ಹೋಗುವುದು ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಇದು ಸಲ್ಲದು ಎಂಬುದೇ ಈ ಲೇಖನದ ವಾದ.

ಹಗ್ಗವನ್ನು ಅಳೆಯಬೇಕಾದುದು ದಿಮ್ಮಿಯಿಂದಲ್ಲ, ಯಂತ್ರದಿಂದ

‘ನಮ್ಮ ಮರಗಳೇನು ಅಷ್ಟು ದಪ್ಪವಲ್ಲ, ಸಣ್ಣ ಹಗ್ಗ ಸಾಕು’ ಎಂಬ ಮಾತು ಸಾಮಾನ್ಯ. ಲೆಕ್ಕ ನೋಡೋಣ. ಸುಮಾರು 125 ಸೆಂ.ಮೀ. ಸುತ್ತಳತೆಯ, 5 ಮೀಟರ್ ಉದ್ದದ ದಿಮ್ಮಿಯ ಗಾತ್ರ 0.6 ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. ಹಸಿ ಮರವನ್ನು ಘನ ಮೀಟರಿಗೆ ಒಂದು ಟನ್ ಎಂದು ಧಾರಾಳವಾಗಿ ಹಿಡಿದರೂ ತೂಕ 600ರಿಂದ 650 ಕಿ.ಗ್ರಾಂ. ಅಷ್ಟೆ. ಸಮನೆಲದಲ್ಲಿ ಇದನ್ನು ಎಳೆಯಲು ಇಷ್ಟೂ ಬಲ ಬೇಕಾಗುವುದಿಲ್ಲ.

ಆದರೆ ದಿಮ್ಮಿಯ ಮೂತಿ ಕಡಿದ ಮರದ ಬುಡಕ್ಕೋ ಬಂಡೆಗೋ ತಗುಲಿ ನಿಂತ ಕ್ಷಣದಲ್ಲಿ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಯಂತ್ರಕ್ಕೆ ದಿಮ್ಮಿಯ ತೂಕ ತಿಳಿಯದು. ಅದು ತನ್ನ ಪೂರ್ಣ ಬಲದಿಂದ ಎಳೆಯುತ್ತಲೇ ಇರುತ್ತದೆ. ಆಗ ಹಗ್ಗದ ಮೇಲೆ ಬೀಳುವುದು ದಿಮ್ಮಿಯ ಭಾರವಲ್ಲ, ವಿಂಚಿನ ಸಂಪೂರ್ಣ ಶಕ್ತಿ. ಅದರಲ್ಲಿಯೂ ಡ್ರಮ್ಮಿನ ಮೇಲೆ ಹಗ್ಗ ಕಡಿಮೆ ಸುತ್ತಿರುವಾಗ ಎಳೆತ ಅತಿ ಹೆಚ್ಚು; ಸುತ್ತುಗಳು ತುಂಬಿದಂತೆ ಎಳೆತ ಕುಗ್ಗುತ್ತದೆ. ಆದುದರಿಂದ ಬರಿಯ ಡ್ರಮ್ಮಿನ ಮೇಲೆ ಯಂತ್ರದ ಎಳೆತವೆಷ್ಟು ಎಂಬುದನ್ನು ತಯಾರಕರ ಪುಸ್ತಕದಿಂದ ತಿಳಿದು, ಹಗ್ಗವು ತುಂಡಾಗುವ ಬಲವು ಅದರ ಎರಡು ಪಟ್ಟಿಗಿಂತ ಕಡಿಮೆ ಇರದಂತೆ ನೋಡಿಕೊಳ್ಳಬೇಕು.

ಉದಾಹರಣೆಗೆ, ಒಳ್ಳೆಯ ದರ್ಜೆಯ (1770), ಉಕ್ಕಿನ ನಡುಹುರಿಯುಳ್ಳ 10 ಮಿ.ಮೀ. ಹಗ್ಗ ಸುಮಾರು 6 ಟನ್ ಎಳೆತಕ್ಕೂ, 12 ಮಿ.ಮೀ. ಹಗ್ಗ ಸುಮಾರು 9 ಟನ್ ಎಳೆತಕ್ಕೂ ತುಂಡಾಗುತ್ತವೆ. ಎಂದರೆ 3 ಟನ್ ವಿಂಚಿಗೆ 10 ಮಿ.ಮೀ., 4 ಟನ್ ವಿಂಚಿಗೆ 12 ಮಿ.ಮೀ. ಸೂಕ್ತ. ಹಾಗೆಂದು ಮನಬಂದಂತೆ ದಪ್ಪ ಹಗ್ಗ ಹಾಕುವುದೂ ಜಾಣತನವಲ್ಲ. ದಪ್ಪ ಹಗ್ಗ ಸಣ್ಣ ಡ್ರಮ್ಮಿಗೆ ಬಾಗದೆ ತಂತಿ ಮುರಿಯುತ್ತದೆ, ಡ್ರಮ್ಮಿನಲ್ಲಿ ಕಡಿಮೆ ಉದ್ದ ಹಿಡಿಸುತ್ತದೆ, ಹೊತ್ತು ನಡೆಯುವ ಆಳನ್ನೂ ದಣಿಸುತ್ತದೆ. 10 ಮಿ.ಮೀ. ಹಗ್ಗವೇ ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ ಎಂಬುದು ನೆನಪಿರಲಿ.

ಎಳೆಗಳ ಲೆಕ್ಕ

ಉಕ್ಕಿನ ಹಗ್ಗವೂ ನಮ್ಮ ನಾರಿನ ಹಗ್ಗದಂತೆಯೇ ಹೊಸೆದದ್ದು. ಸಣ್ಣ ತಂತಿಗಳನ್ನು ಹೊಸೆದು ಎಳೆ, ಎಳೆಗಳನ್ನು ನಡುಹುರಿಯ ಸುತ್ತ ಹೊಸೆದು ಹಗ್ಗ. 6 × 19 ಎಂದರೆ 6 ಎಳೆ, ಪ್ರತಿ ಎಳೆಯಲ್ಲಿ 19ರ ಆಸುಪಾಸಿನಷ್ಟು ತಂತಿ. 6 × 36 ಜಾತಿಯಲ್ಲಿ ತಂತಿಗಳು ಹೆಚ್ಚು, ಆದರೆ ತೆಳು. ಇದು ಚೆನ್ನಾಗಿ ಬಾಗುತ್ತದೆ. ಆದರೆ ನೆಲಕ್ಕೆ ಉಜ್ಜಿದಾಗ ಬೇಗ ಸವೆಯುತ್ತದೆ. ಕಲ್ಲು ಮಣ್ಣುಗಳ ಮೇಲೆ ಎಳೆದಾಡುವ ನಮ್ಮ ಕೆಲಸಕ್ಕೆ ಹೊರತಂತಿ ದಪ್ಪವಿರುವ 6 × 19 ಜಾತಿಯೇ ಮೇಲು.

ನಡುಹುರಿ ನಾರಿನದಾಗಿದ್ದರೆ ಹಗ್ಗ ಮೆತುವಾಗಿದ್ದು ಬೆಲೆಯೂ ಕಡಿಮೆ. ಆದರೆ ಡ್ರಮ್ಮಿನ ಮೇಲೆ ಸುತ್ತಿನ ಮೇಲೆ ಸುತ್ತು ಬಿದ್ದಾಗ ಅದು ಚಪ್ಪಟೆಯಾಗುತ್ತದೆ. ಮಲೆನಾಡಿನ ಮಳೆಯಲ್ಲಿ ನಾರು ನೀರು ಹೀರಿ ಒಳಗಿನಿಂದಲೇ ತುಕ್ಕು ಹಿಡಿಸುವ ಭಯವೂ ಉಂಟು. ಉಕ್ಕಿನ ನಡುಹುರಿ, ಸತುವಿನ ಲೇಪ, ಈ ಎರಡನ್ನೂ ಕೇಳಿ ಪಡೆಯಿರಿ. ಸಾಮಾನ್ಯ ಕೆಲಸದ ಉಕ್ಕಿನ ಹಗ್ಗಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 2266 ಎಂಬ ಮಾನಕವಿದೆ. ಅಂಗಡಿಯವರಿಂದ ಆ ಮಾನಕದ ಗುರುತನ್ನೂ, ತುಂಡಾಗುವ ಬಲವನ್ನು ನಮೂದಿಸಿದ ಪತ್ರವನ್ನೂ ಕೇಳಿ ಪಡೆಯಬೇಕು.

ಇತ್ತೀಚೆಗೆ ಕೃತಕ ನೂಲಿನ ವಿಂಚ್ ಹಗ್ಗಗಳೂ ಬಂದಿವೆ. ಇವು ಬಲು ಹಗುರ. ತುಂಡಾದರೂ ಉಕ್ಕಿನಷ್ಟು ರಭಸದಿಂದ ಬಡಿಯುವುದಿಲ್ಲ. ಆದರೆ ಬೆಲೆ ಹೆಚ್ಚು, ಕಲ್ಲಿನ ಅಂಚಿಗೆ ಬೇಗ ಕುಯ್ದುಹೋಗುತ್ತವೆ, ಬಿಸಿಯನ್ನು ತಾಳವು. ಕಲ್ಲುನೆಲದ ತೋಟಗಳಿಗೆ ಸದ್ಯಕ್ಕೆ ಉಕ್ಕೇ ಲೇಸು.

ಹಳೆಯ ಕ್ರೇನಿನಿಂದಲೋ ಲಿಫ್ಟಿನಿಂದಲೋ ಕಳಚಿದ ಹಗ್ಗವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಇನ್ನು ನಂಬಿಕೆಗೆ ಯೋಗ್ಯವಲ್ಲ ಎಂದು ತಿಳಿದವರೇ ತೆಗೆದುಹಾಕಿರಬಹುದಾದ ವಸ್ತು. ಮೇಲೆ ಗ್ರೀಸ್ ಬಳಿದರೆ ಒಳಗಿನ ಮುರಿದ ತಂತಿ ಕಾಣುವುದಿಲ್ಲ.

ಆಯಸ್ಸು ಕಡಿಮೆ ಮಾಡುವ ಅಭ್ಯಾಸಗಳು

ಹೊಸ ಹಗ್ಗದ ಸುರುಳಿಯನ್ನು ನೆಲದ ಮೇಲೆ ಮಲಗಿಸಿ ಒಂದು ತುದಿ ಹಿಡಿದು ಎಳೆಯುವುದು ಮೊದಲನೆಯ ತಪ್ಪು. ಪ್ರತಿ ಸುತ್ತಿಗೂ ಒಂದು ತಿರುಚು ಬಿದ್ದು ಕುಣಿಕೆಯಾಗುತ್ತದೆ. ಕುಣಿಕೆ ಬಿಗಿದರೆ ಹಗ್ಗಕ್ಕೆ ಮಾಯದ ಗಾಯವಾಗುತ್ತದೆ. ಸುರುಳಿಯನ್ನು ಗಾಲಿಯಂತೆ ಉರುಳಿಸಿ ಬಿಚ್ಚಬೇಕು. ಬಿಚ್ಚಿದ ಮೇಲೆ ಚಿಕ್ಕ ದಿಮ್ಮಿಯೊಂದನ್ನು ಕಟ್ಟಿ, ಬಿಗುವಿನಲ್ಲಿ, ಸುತ್ತಿನ ಪಕ್ಕಕ್ಕೆ ಸುತ್ತು ಬರುವಂತೆ ಡ್ರಮ್ಮಿಗೆ ಸುತ್ತಬೇಕು. ಕೆಲಸದ ಕಾಲದಲ್ಲಿ ಕನಿಷ್ಠ 3 ಸುತ್ತು ಡ್ರಮ್ಮಿನ ಮೇಲೆ ಉಳಿದಿರಲೇಬೇಕು. ಹಗ್ಗವನ್ನು ಹಿಡಿದಿಡುವುದು ಆ ಸುತ್ತುಗಳೇ ಹೊರತು ತುದಿಯ ತಿರುಪಲ್ಲ.

ತುದಿಗೆ ಗಂಟು ಹಾಕುವುದು ಎರಡನೆಯ ತಪ್ಪು. ಗಂಟಿನಲ್ಲಿ ಹಗ್ಗದ ಅರ್ಧ ಬಲವೇ ಹೋಗುತ್ತದೆ. ಕೊಕ್ಕೆಗೆ ಬೇಕಾದ ಕಣ್ಣನ್ನು ಒಳಗೆ ಲೋಹದ ಬಳೆಯಿಟ್ಟು ಕ್ಲಾಂಪುಗಳಿಂದ ಬಿಗಿಯಬೇಕು. 10ರಿಂದ 12 ಮಿ.ಮೀ. ಹಗ್ಗಕ್ಕೆ 3 ಕ್ಲಾಂಪು, ಒಂದಕ್ಕೊಂದು ಹಗ್ಗದ ದಪ್ಪದ 6 ಪಟ್ಟು ದೂರ. ಕ್ಲಾಂಪಿನ ಹಲ್ಲುಳ್ಳ ಅಗಲ ಭಾಗ ಭಾರ ಹೊರುವ ಉದ್ದ ಹಗ್ಗದ ಕಡೆಗೂ, ‘ಯು’ ಆಕಾರದ ಸರಳು ಮಡಚಿದ ಗಿಡ್ಡ ತುದಿಯ ಕಡೆಗೂ ಬರಬೇಕು. ತಿರುವುಮುರುವಾದರೆ ಸರಳು ಭಾರ ಹೊರುವ ಹಗ್ಗವನ್ನೇ ಜಜ್ಜುತ್ತದೆ. ಮೊದಲ ಎಳೆತವಾದ ನಂತರ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.

ಮೂರನೆಯದು, ಗಿಡಗಳನ್ನು ತಪ್ಪಿಸಲು ಹಗ್ಗವನ್ನು ಮರದ ಬುಡಕ್ಕೆ ಉಜ್ಜಿಕೊಂಡೇ ತಿರುಗಿಸುವುದು. ಇದರಿಂದ ಮರದ ತೊಗಟೆಯೂ ಹಾಳು, ಹಗ್ಗವೂ ಹಾಳು. ಇದಕ್ಕೆ ಕಪ್ಪಿ ಉಪಯೋಗಿಸಬೇಕು. ಕಪ್ಪಿಯ ಗಾಲಿ ಹಗ್ಗದ ದಪ್ಪದ 20 ಪಟ್ಟಿಗಿಂತ ಸಣ್ಣದಿರಬಾರದು. ಅಗಲವಾದ ಪಟ್ಟಿಯಿಂದ ಅದನ್ನು ಮರಕ್ಕೆ ಕಟ್ಟಬೇಕು. ಲಂಬಕೋನದಲ್ಲಿ ತಿರುಗಿದ ಹಗ್ಗ ಆ ಮರವನ್ನು ತನ್ನ ಎಳೆತದ ಸುಮಾರು 1.4 ಪಟ್ಟು ಬಲದಿಂದಲೂ, ಪೂರ್ತಿ ಹಿಂದಿರುಗಿದ ಹಗ್ಗ ಸುಮಾರು 2 ಪಟ್ಟು ಬಲದಿಂದಲೂ ಜಗ್ಗುತ್ತದೆ. ಆದ್ದರಿಂದ ಎಳೆಯ ಮರ, ಒಣಮರ ಈ ಕೆಲಸಕ್ಕೆ ಸಲ್ಲವು.

ತುಕ್ಕು, ಗೊಬ್ಬರ, ಮೈಲುತುತ್ತ

ವಾರಕ್ಕೊಮ್ಮೆಯಾದರೂ ಹಗ್ಗದ ಮಣ್ಣನ್ನು ತಂತಿಯ ಬ್ರಷ್ಷಿನಿಂದ ತೆಗೆದು, ಒಣಗಿಸಿ, ಒಳಕ್ಕೆ ಇಳಿಯುವಂಥ ಹಗ್ಗದ ಎಣ್ಣೆಯನ್ನು ಹಚ್ಚಬೇಕು. ಎಂಜಿನ್ನಿನಿಂದ ತೆಗೆದ ಕರಿ ಎಣ್ಣೆ ಬೇಡ. ಅದರಲ್ಲಿ ಆಮ್ಲವೂ ಲೋಹದ ಪುಡಿಯೂ ಸೇರಿರುತ್ತವೆ. ಒಳಗಿನ ತಂತಿಗಳು ಬಾಗುವಾಗ ಒಂದನ್ನೊಂದು ಉಜ್ಜುತ್ತವೆ, ಎಣ್ಣೆ ಬೇಕಾದುದು ಅಲ್ಲಿಗೆ. ಮೇಲೆ ದಪ್ಪನಾಗಿ ಮೆತ್ತಿದ ಗ್ರೀಸ್ ಒಳಗಿನ ತೇವವನ್ನು ಹಾಗೆಯೇ ಮುಚ್ಚಿಡುತ್ತದೆ.

ಮಳೆಗಾಲದಲ್ಲಿ ಹಗ್ಗವನ್ನು ಗೊಬ್ಬರದ ಕೊಟ್ಟಿಗೆಯಲ್ಲಿ ಇಡುವ ರೂಢಿ ಹಲವೆಡೆ ಇದೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ಮತ್ತು ಅಮೋನಿಯಂ ಸಲ್ಫೇಟ್ ತೇವ ಹೀರಿ ಉಕ್ಕನ್ನು ತಿನ್ನುತ್ತವೆ. ಇನ್ನು ಬೋರ್ಡೋ ದ್ರಾವಣಕ್ಕೆ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬುದು ತಮಗೆಲ್ಲ ತಿಳಿದದ್ದೇ. ಪಾತ್ರೆಯನ್ನು ತಿನ್ನುವ ಮೈಲುತುತ್ತ ಹಗ್ಗವನ್ನು ಬಿಟ್ಟೀತೆ? ಹಗ್ಗಕ್ಕೆ ನೆಲದಿಂದ ಮೇಲೆ, ಗಾಳಿಯಾಡುವ ಬೇರೆ ಜಾಗ ಕೊಡಿ.

ಯಾವಾಗ ಬಿಸಾಡಬೇಕು?

ಇದೇ ಕಷ್ಟದ ಪ್ರಶ್ನೆ. ‘ಇನ್ನೂ ಎಳೆಯುತ್ತಿದೆಯಲ್ಲ’ ಎಂಬುದು ಉತ್ತರವಲ್ಲ. ತುಂಡಾಗುವ ಹಿಂದಿನ ಕ್ಷಣದವರೆಗೆ ಎಲ್ಲ ಹಗ್ಗವೂ ಎಳೆಯುತ್ತಲೇ ಇರುತ್ತದೆ. ಗುರುತುಗಳು ಇವು:

1. ಒಂದು ಎಳೆ ಹಗ್ಗವನ್ನು ಒಂದು ಪೂರ್ಣ ಸುತ್ತು ಬರುವ ಉದ್ದದಲ್ಲಿ (10 ಮಿ.ಮೀ. ಹಗ್ಗದಲ್ಲಿ ಸುಮಾರು 6ರಿಂದ 7 ಸೆಂ.ಮೀ.) 6 ತಂತಿ ಮುರಿದಿದ್ದರೆ, ಅಥವಾ ಅಷ್ಟರಲ್ಲೇ ಒಂದೇ ಎಳೆಯಲ್ಲಿ 3 ತಂತಿ ಮುರಿದಿದ್ದರೆ.
2. ಹೊರತಂತಿ ತನ್ನ ದಪ್ಪದ ಮೂರನೆಯ ಒಂದು ಭಾಗ ಸವೆದಿದ್ದರೆ.
3. 10 ಮಿ.ಮೀ. ಹಗ್ಗ ಅಳತೆಯಲ್ಲಿ 9 ಮಿ.ಮೀ.ಗೆ ಇಳಿದಿದ್ದರೆ.
4. ಕುಣಿಕೆ ಬಿಗಿದ ಗಾಯ, ಎಳೆ ಬಿಚ್ಚಿ ಪಂಜರದಂತೆ ಉಬ್ಬಿದ ಭಾಗ, ಜಜ್ಜಿದ ಭಾಗ ಅಥವಾ ಆಳವಾದ ತುಕ್ಕಿನ ಕುಳಿಗಳಿದ್ದರೆ.

ಕೆಟ್ಟದ್ದು ಕೊಕ್ಕೆಯ ಕಡೆಯ ಒಂದೆರಡು ಮೀಟರ್ ಮಾತ್ರವಾದರೆ ಅದನ್ನು ಕತ್ತರಿಸಿ ಹೊಸ ಕಣ್ಣು ಮಾಡಿಕೊಳ್ಳಬಹುದು. ಕತ್ತರಿಸುವ ಮೊದಲು ಎರಡೂ ಬದಿಗೆ ತಂತಿ ಸುತ್ತಿ ಬಿಗಿಯಿರಿ, ಇಲ್ಲವಾದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ನಡುಭಾಗ ಕೆಟ್ಟರೆ ಇಡೀ ಹಗ್ಗ ಬದಲಿಸಲೇಬೇಕು. ತಂತಿ ಮುರಿದದ್ದನ್ನು ನೋಡಲು ಬಟ್ಟೆ ಸವರಿ, ಬರಿಗೈ ಆಡಿಸಬೇಡಿ.

ನಷ್ಟ ಯಾರದು?

ಬಿಗುವಿನಲ್ಲಿದ್ದ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಕಾಲು ಮುರಿಯುವುದಕ್ಕೂ ಪ್ರಾಣ ಹೋಗುವುದಕ್ಕೂ ಒಂದು ಏಟು ಸಾಕು. ಆ ಸಮಯದಲ್ಲಿ ಹಗ್ಗದ ಬಳಿ ಇರುವವನು ಅದನ್ನು ಕೊಂಡವನಲ್ಲ, ದಿನಗೂಲಿಗೆ ಬಂದ ಆಳು. ಹಗ್ಗ ಬದಲಿಸುವ ತೀರ್ಮಾನ ಒಬ್ಬನದು, ಬದಲಿಸದಿದ್ದರೆ ಏಟು ಇನ್ನೊಬ್ಬನಿಗೆ. ಹೀಗಿರುವುದರಿಂದಲೇ ತೀರ್ಮಾನ ಮುಂದಕ್ಕೆ ಹೋಗುತ್ತಿರುತ್ತದೆ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

‘ಮರದ ಕೆಲಸ ಕಂಟ್ರಾಕ್ಟುದಾರನದು, ಹಗ್ಗವೂ ಅವನದು, ನಮಗೇನು ಸಂಬಂಧ?’ ಎನ್ನುವವರಿದ್ದಾರೆ. ಕೆಲಸ ನಡೆಯುವುದು ತಮ್ಮ ತೋಟದಲ್ಲಿ. ಒಪ್ಪಂದ ಬರೆಯುವಾಗಲೇ ‘ಹಗ್ಗವನ್ನು ತೋರಿಸಿದ ಮೇಲೆ ಕೆಲಸ’ ಎಂಬ ಒಂದು ಸಾಲು ಸೇರಿಸಿ. ಮೇಲಿನ ನಾಲ್ಕು ಗುರುತುಗಳಲ್ಲಿ ಒಂದು ಕಂಡರೂ ಹಗ್ಗವನ್ನು ಹಿಂದಕ್ಕೆ ಕಳುಹಿಸಿ. ಬಿಗಿದ ಹಗ್ಗದ ಉದ್ದಕ್ಕಿಂತ ಹತ್ತಿರದಲ್ಲಿ ಯಾರೂ ನಿಲ್ಲದಂತೆ, ಕಪ್ಪಿಯಲ್ಲಿ ತಿರುಗಿದ ಹಗ್ಗದ ಒಳಮೂಲೆಗೆ ಯಾರೂ ಕಾಲಿಡದಂತೆ ಮೇಸ್ತ್ರಿಗೆ ಕಟ್ಟಪ್ಪಣೆ ಮಾಡಿ. ಚರ್ಮದ ಕೈಗವಸನ್ನು ತಾವೇ ಕೊಡಿಸಿ.

ಸಣ್ಣ ಬೆಳೆಗಾರರಿಗೆ ಹೊಸ ಹಗ್ಗದ ಖರ್ಚು ಭಾರವೆಂಬುದು ನಿಜ. ಆದರೆ ಅದರ ಪರಿಹಾರ ಹಳೆಯ ಹಗ್ಗವಲ್ಲ, ಒಗ್ಗಟ್ಟು. ಸಹಕಾರ ಸಂಘದ ಮೂಲಕವೋ ನಾಲ್ಕಾರು ತೋಟದವರು ಸೇರಿಯೋ ಒಂದು ಒಳ್ಳೆಯ ಹಗ್ಗ, ಎರಡು ಕಪ್ಪಿ, ದಪ್ಪ ಅಳೆಯುವ ಒಂದು ಕ್ಯಾಲಿಪರ್ ಕೊಂಡು, ಕೊಂಡ ದಿನಾಂಕ ಹಾಗೂ ಪ್ರತಿ ತಪಾಸಣೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು. ವಿಂಚನ್ನು ಬಾಡಿಗೆಗೆ ಕೊಡುವವರೂ ಯಂತ್ರದ ಜೊತೆಗೆ ಈ ಪುಸ್ತಕವನ್ನು ತೋರಿಸುವಂತಾಗಬೇಕು.

ಈ ಬಾರಿ ಮರ ಕಡಿಸುವ ಮುನ್ನ ಡ್ರಮ್ಮಿನ ಹಗ್ಗವನ್ನು ಪೂರ್ತಿ ಬಿಚ್ಚಿಸಿ, ಹಗಲು ಬೆಳಕಿನಲ್ಲಿ ತುದಿಯಿಂದ ತುದಿಗೆ ತಾವೇ ನೋಡಿ. ಅರ್ಧ ದಿನದ ಕೆಲಸವಷ್ಟೆ. ಅನುಮಾನ ಬಂದರೆ ಹಗ್ಗವನ್ನು ತುಂಡು ತುಂಡಾಗಿ ಕತ್ತರಿಸಿಯೇ ಗುಜರಿಗೆ ಹಾಕಿ. ಇಡಿಯಾಗಿ ಮಾರಿದರೆ ಅದು ಇನ್ನೊಬ್ಬರ ತೋಟಕ್ಕೆ ಹೋಗಿ ಸೇರುತ್ತದೆ.